ದೊಡ್ಡಪ್ಪನ ಹವಾ ಬಂಗ್ಲೆ

ನಮ್ಮ ದೊಡ್ಡಪ್ಪ, ಅಂದರ ನಮ್ಮಪ್ಪನ ಖಾಸಾ ಅಣ್ಣ, ಆಳಂದದಾಗ ವಕೀಲಕಿ ಮಾಡ್ತಿದ್ದ. ಅವನ ಸುದ್ದಿ ಹೇಳೋವಾಗ ನಾ ಇವತ್ತಿಗೂ 'ರಿ' ಹಚ್ಚಂಗಿಲ್ಲ, ತಪ್ಪು ತಿಳಕೊಂಡ್ರ ತಿಳಕೋರಿ. ಮೈಮ್ಯಾಲೆ ಶೇರವಾನಿ, ತಲಿಮ್ಯಾಲೆ ಕರೇ ಟೊಪ್ಪಿಗಿ, ಕೈಯಾಗ ಬೆತ್ತ. ಹೈದರಾಬಾದಿನಿಂದ ಯಾರರೆ ಸಾಹೇಬರು ಬಂದ್ರ ಮುಗೀತು, ಅವರ ಬೆನ್ನು ಹತ್ತಿ ತಿರುಗಿ, ಅವರು ಕೆಮ್ಮಿದಂಗ ಕೆಮ್ಮೋದು ಕಲ್ತು ಮನಿಗೆ ಬರ್ತಿದ್ದ.

ಅಂಥಾ ಒಬ್ಬ ಸಾಹೇಬ ಅವಗ ಒಂದು ಸುದ್ದಿ ಹೇಳಿದ. ವಿಲಾಯತಿಯೊಳಗ ಸರಿಯಾಗಿ ಬಿಸಿಲೇ ಬೀಳಂಗಿಲ್ಲಂತ. ಅದಕ್ಕ ಅಲ್ಲಿಯ ಶ್ರೀಮಂತರು ಯಾವುದೋ ಬಿಸಿಲಿನ ದೇಶಕ್ಕ ಹೋಗಿ, ಸಮುದ್ರದ ದಂಡಿಗೆ ಮನಿ ಕೊಂಡು, ವರ್ಷಕ್ಕ ಒಂದಷ್ಟು ದಿನ ಸುಮ್ಮನ ಅಲ್ಲಿ ಹೋಗಿ ಬಿದ್ದಿರ್ತಾರಂತ. ಅವತ್ತಿಂದ ದೊಡ್ಡಪ್ಪಗ ಹುಚ್ಚು ಹತ್ತಿತು. ಅಲ್ರೀ, ಆಳಂದದಾಗ ಬಿಸಿಲಿಗೇನು ಬರ ಬಂದಿತ್ತೇನು? ನಸುಕಿನ್ಯಾಗ ಅಂಗಳದಾಗ ಹಾಕಿದ ಹಪ್ಪಳ ಊಟದ ಹೊತ್ತಿಗೆ ಖಡಕ್ ಆಗ್ತಿದ್ದವು. ಆದ್ರ ದೊಡ್ಡ ಮನುಷ್ಯಾ ಅನ್ನಿಸ್ಕೋಬೇಕಂದ್ರ ನೀರಿನ ದಂಡಿಗೆ ಎರಡನೇ ಮನಿ ಬೇಕಾತು ಅವಗ. "ಹವಾ ಬದಲ ಮಾಡಬೇಕ್ರಿ, ಹವಾ ಬದಲ" ಅಂತ ಕಂಡಕಂಡವರ ಮುಂದ ಕೆಮ್ಮಾಕ ಶುರು ಮಾಡಿದ.

ಅದೇ ವ್ಯಾಳ್ಯಾದಾಗ ನಮ್ಮವ್ವನ ತವರುಮನಿ ಮಾರಾಕ ಬಂತು. ಅಫಜಲಪುರದ ಕಡೆ ಭೀಮಾ ಹೊಳಿ ದಂಡಿಮ್ಯಾಲಿನ ಊರು. ಅಜ್ಜ-ಅಜ್ಜಿ ತೀರಿಕೊಂಡಿದ್ರು. ಅವ್ವಗ ಇದ್ದ ಒಬ್ಬನೇ ತಮ್ಮ, ನಮ್ಮ ಮಾಮಾ, ಸೊಲ್ಲಾಪುರದ ಗಿರಣ್ಯಾಗ ಕೆಲಸಕ್ಕ ಸೇರಿ ಹೆಂಡ್ತಿ ಮಕ್ಕಳನ್ನೂ ಅಲ್ಲೇ ಕರಕೊಂಡು ಹೋದ.

ಆ ಮನಿ ಅಂದ್ರ ಅವ್ವಗ ಏನು ಅಂತ ಹೇಳಬೇಕು. ಆಳಂದದ ಅತ್ತಿಮನ್ಯಾಗ ಅವ್ವನ ತಲಿಮ್ಯಾಲಿನ ಸೆರಗು ಜಾರಿದ್ದು ನಾ ಕಂಡಿಲ್ಲ. ಭಾವನ, ಅಂದರ ದೊಡ್ಡಪ್ಪನ, ಎದುರಿಗೆ ನಿಂದರಂಗಿಲ್ಲ, ಅವನ ಕೂಡ ಮಾತಾಡಂಗಿಲ್ಲ, ಅವನ ಕೆಮ್ಮು ಕೇಳಿದ್ರ ಸಾಕು, ಬಾಗಲ ಹಿಂದ ಸರೀಬೇಕು. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಮಾಮಾ ಗಾಡಿ ಹೂಡಿಕೊಂಡು ಅಕ್ಕನ್ನ ಕರಿಯಾಕ ಬರ್ತಿದ್ದ. ಹೊಳಿ ಕಂಡಿತೋ ಇಲ್ಲೋ, ಅವ್ವ ಸೆರಗು ಹೆಗಲಿಗೆ ಇಳಿಸಿಬಿಡ್ತಿದ್ದಳು. ಅಂಗಳದ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ, ಓಣಿಯ ಹೆಣ್ಮಕ್ಕಳ ಕೂಡ ಜೀಕ್ತಿದ್ದಳು. ಅವ್ವಗ ಅಷ್ಟು ದೊಡ್ಡ ನಗಿ ಅದ ಅಂತ ನನಗ ಗೊತ್ತಾಗಿದ್ದೇ ಅಲ್ಲಿ.

ದೊಡ್ಡಪ್ಪ ದಸರಾ ಮುಂದ ಹೋಗಿ ಮನಿ ನೋಡಿ ಬಂದ. ಹೊಳಿ ದಂಡಿ ತುಂಬಿ ಹರೀತಿತ್ತು, ಗಾಳಿ ತಂಪಿತ್ತು. ಬಂದವನೇ ನಮ್ಮಪ್ಪಗ ಅಂದ: "ಬ್ಯಾರೆ ಮಂದಿ ಪಾಲು ಯಾಕ ಆಗಬೇಕು? ನಾನೇ ತೊಗೋತೇನಿ. ನಿನ್ನ ಹೆಂಡ್ತಿ ತವರು ನಮ್ಮ ಮನ್ಯಾಗೇ ಉಳೀತು ನೋಡು. ಉಪಕಾರ ಅಂದ್ರ ಹಿಂಗ ಮಾಡಬೇಕು!"

ಉಪಕಾರ ಅಂತ, ಉಪಕಾರ! ಅಪ್ಪ ಅಣ್ಣನ ಮುಂದ ಬಾಯಿ ಬಿಟ್ಟವನೇ ಅಲ್ಲ, ಹೂಂ ಅಂದ. ಅವ್ವ ಬಾಗಲ ಹಿಂದ ನಿಂತು ಕೇಳಿಸಿಕೊಂಡಳು. ಬ್ಯಾಡ ಅನ್ನಾಕ ಅಕಿಗೆ ಹಕ್ಕೇ ಇರಲಿಲ್ಲ.

ಬ್ಯಾಸಗಿಗೆ ಎಲ್ಲಾರೂ ಅಲ್ಲಿಗೆ ಹೋಗೋದು ಅಂತ ದೊಡ್ಡಪ್ಪ ಠರಾಯಿಸಿದ. ನಾನು ಅವ್ವಗ ಕೇಳಿದೆ, "ಅವ್ವಾ, ಬ್ಯಾಸಗ್ಯಾಗ ಹೊಳಿ ಒಣಗಿ ಬರೇ ಉಸುಕು ಇರ್ತದಂತ ನೀನೇ ಹೇಳಿದ್ದೆಲ್ಲ?"

"ಹೌದು ಬೇ. ಭಾವನವರ ಮುಂದ ಹೋಗಿ ನಾ ಹೇಳ್ಲೇನು?"

ಅಪ್ಪಗ ಹೇಳಿದಳಂತ. ಅಪ್ಪ "ಅಣ್ಣಗ ತಿಳೀದೇನು, ಸುಮ್ನಿರು" ಅಂದನಂತ. ಅಣ್ಣಗ ತಿಳಿಯೋದು ಏನು ಮಣ್ಣು! ಊರು ಹುಟ್ಟಿದಾಗಿಂದ ಊರಿಗೆಲ್ಲಾ ಗೊತ್ತಿದ್ದ ಮಾತು. ಅವ ಯಾರಿಗೂ ಕೇಳಲಿಲ್ಲ, ಕೇಳಿದ್ರ ದೊಡ್ಡಸ್ತನ ಕಡಿಮಿ ಆಗ್ತಿತ್ತು.

ಹೋದ್ವಿ. ಹೊಳಿ ಅನ್ನೋದು ದೂರ ಒಂದು ಹಳ್ಳ ಆಗಿ ಬಿದ್ದಿತ್ತು. ನಡುವ ಎಲ್ಲಾ ಉಸುಕು, ಉಸುಕಿನ ಮ್ಯಾಲೆ ಝಳ. ದೊಡ್ಡಪ್ಪ ಶೇರವಾನಿ ಬಿಚ್ಚದನ ಬೆತ್ತ ಹಿಡಕೊಂಡು ಹವಾ ತೊಗೋಳಾಕ ಹೊಂಟ. ಬೂಟಿನ್ಯಾಗ ಬಿಸಿ ಉಸುಕು ಹೊಕ್ಕು ಕುಣಕೋತ ತಿರುಗಿ ಬಂದ. ಊಟದ ಗಂಗಾಳದಾಗ ಉಸುಕು, ಹಾಸಿಗ್ಯಾಗ ಉಸುಕು. ದೊಡ್ಡವ್ವ ಸೆಖಿಗೆ ಅಳಾಕ ಹತ್ತಿದಳು. ದೊಡ್ಡಪ್ಪ ಹಸಿ ಟವೆಲ್ ತಲಿಮ್ಯಾಲೆ ಹಾಕ್ಕೊಂಡು ಪಡಸಾಲ್ಯಾಗ, ನಮ್ಮಜ್ಜ ಕೂಡ್ತಿದ್ದ ಜಾಗಾದಾಗ ಕುಂತು, "ಏ, ಛಾ ತರ್ರಿ" ಅಂತ ಒದರ್ತಿದ್ದ. ಅವ್ವ ಹುಟ್ಟಿ ಬೆಳೆದ ಮನ್ಯಾಗ ಸೆರಗು ಹೊದ್ದು, ಗ್ವಾಡಿ ಹಿಡಕೊಂಡು ಕಳ್ಳರಂಗ ಅಡ್ಡಾಡ್ತಿದ್ದಳು. ಓಣಿಯ ಗೆಳತ್ಯಾರು ಬಾಗಲದಾಗ ಇಣುಕಿ, ಒಳಗ ಕುಂತವನ್ನ ನೋಡಿ ಹಂಗೇ ಹೋಗಿಬಿಟ್ರು.

ವಾರ ತುಂಬೋದ್ರೊಳಗ ಎಲ್ಲಾರೂ ಗಂಟುಮೂಟಿ ಕಟ್ಟಿದ್ವಿ. ಆಳಂದದಾಗ ಇಳಿದವನೇ ದೊಡ್ಡಪ್ಪ ಕಚೇರಿ ಕಟ್ಟಿಮ್ಯಾಲೆ ಕುಂತು "ನಮ್ಮ ಹವಾ ಬಂಗ್ಲೆ, ಏನ್ ಹವಾ ಅಂತೀರಿ!" ಅಂತ ಕೊಚ್ಚಿಕೊಂಡ. ನಾಚಿಕಿ ಅನ್ನೋದು ಅವನ ಓಣ್ಯಾಗೂ ಹಾದು ಹೋಗಿರಲಿಲ್ಲ.

ಪಂಚಮಿ ಬಂತು. ಮಾಮಾನ ಗಾಡಿ ಬರಲಿಲ್ಲ, ಎಲ್ಲಿಂದ ಬರಬೇಕು? ಓಣಿಯ ಸೊಸ್ತ್ಯಾರೆಲ್ಲಾ ತವರಿಗೆ ಹೊಂಟ್ರು. ಅವ್ವ ಒಲಿ ಮುಂದ ಕುಂತು ಎಳ್ಳುಂಡಿ ಕಟ್ತಿದ್ದಳು, ಕಣ್ಣು ಕೆಂಪಗಾಗಿದ್ದವು. ಇದು ದೊಡ್ಡಪ್ಪನ ಕಿವಿಗೆ ಬಿತ್ತು. ಪಡಸಾಲ್ಯಾಗ ನಿಂತು ಕೀಲಿಕೈ ಅಪ್ಪನ ಕಡೆ ಒಗೆದು, "ಅಳೋದ್ಯಾಕ? ಅಕಿ ತವರು ನನ್ನ ಕಿಸೆದಾಗ ಅದ. ಹೋಗಿ ಬರ್ರಿ" ಅಂದು ನಕ್ಕ.

ಅಪ್ಪ ಗಾಡಿ ಹೂಡಿದ. ಹೊಳಿ ಮತ್ತ ತುಂಬಿತ್ತು. ಹೊಳಿ ಕಂಡ ಕೂಡಲೇ ಅವ್ವನ ಸೆರಗು ಹೆಗಲಿಗೆ ಇಳೀತು. ಗೆಳತ್ಯಾರು ಓಡಿ ಬಂದು "ಬಂದ್ಯಾ ಬೇ? ಹಗ್ಗಾ ತರ್ತೇವಿ, ಜೋಕಾಲಿ ಕಟ್ಟೋಣು" ಅಂದ್ರು. ಅವ್ವ ನಕ್ಕಳು, ಅದೇ ದೊಡ್ಡ ನಗಿ. ನಕ್ಕೋತನ ಕೀಲಿ ತಗದು ಒಳಗ ಕಾಲಿಟ್ಟಳು.

ಅಜ್ಜ ರುಮಾಲು ಹಾಕ್ತಿದ್ದ ಗೂಟಕ್ಕ ದೊಡ್ಡಪ್ಪನ ಕರೇ ಟೊಪ್ಪಿಗಿ ತೂಗ್ತಿತ್ತು. ಬ್ಯಾಸಗ್ಯಾಗ ಓಡಿಹೋಗೋ ಗಡಿಬಿಡ್ಯಾಗ ಮರೆತು ಹೋಗಿದ್ದ. ಅವ್ವನ ನಗಿ ನಿಂತಿತು. ಕೈ ತಾನೇ ಮ್ಯಾಲೆ ಹೋಗಿ ಸೆರಗು ತಲಿಮ್ಯಾಲೆ ಎಳಕೊಂಡಿತು.

ನನಗ ತಡಕೊಳ್ಳಾಕ ಆಗಲಿಲ್ಲ. ಗೂಟದಿಂದ ಟೊಪ್ಪಿಗಿ ಕಿತ್ತು ಅಂಗಳದ ರಾಡ್ಯಾಗ ಒಗೆದೆ. ಅವ್ವ ನನಗ ಬಯ್ಯಲಿಲ್ಲ. ಹೊರಗ ಹೋಗಿ ಅದನ್ನ ಎತ್ತಿಕೊಂಡು, ಸೆರಗಿನ ತುದೀಲೆ ರಾಡಿ ಒರೆಸಿ, ತಂದು ಅದೇ ಗೂಟಕ್ಕ ಹಾಕಿದಳು. ಹಗ್ಗಾ ಹಿಡಕೊಂಡು ಬಂದ ಗೆಳತ್ಯಾರಿಗೆ "ಬ್ಯಾಡ್ರವ್ವಾ, ಭಾವನವರ ಮನಿ ಇದು" ಅಂದಳು.

ಮರುವರ್ಷ ಪಂಚಮಿ ಮುಂದ ಅಪ್ಪ ತಾನೇ ಅಣ್ಣನ ಕಡಿಂದ ಕೀಲಿಕೈ ಇಸಕೊಂಡು ಬಂದು ಅವ್ವನ ಮುಂದ ಇಟ್ಟ.

"ಇದನ್ನ ತೊಗೊಂಡು ಯಾರ ಮನಿಗೆ ಹೋಗ್ಲಿ?" ಅಂತ ಕೇಳಿ ಅವ್ವ ರೊಟ್ಟಿ ಬಡಿಯಾಕ ಕುಂತಳು.