ಈರಮಾವನ ಅಂಗುಳು

ನಾಲ್ಕು ದಿನದ ಹಿಂದೆ ಬಾಣಲೆಯಿಂದ ಆಗತಾನೇ ತೆಗೆದ ಮೆಣಸಿನಕಾಯಿ ಬಜ್ಜಿಯನ್ನು ಕಚ್ಚಿ ಅಂಗುಳು ಸುಟ್ಟುಕೊಂಡೆ. ಈ ವಯಸ್ಸಿನಲ್ಲಿ ಇಷ್ಟು ಅವಸರ ಏಕೆ ಎಂದು ಹೆಂಡತಿ ಕೇಳಿದಳು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಸಂಜೆಗೆ ಅಲ್ಲೊಂದು ಗುಳ್ಳೆ ಎದ್ದಿತು. ನಿಮಗೂ ಗೊತ್ತಿರಬೇಕು: ಬಾಯೊಳಗೆ ಹೊಸದೇನಾದರೂ ಬಂದರೆ ನಾಲಿಗೆ ಬೇರೆ ಕೆಲಸವನ್ನೆಲ್ಲ ಬಿಟ್ಟು ಅಲ್ಲಿಗೇ ಹೋಗುತ್ತದೆ. ಮೂರು ದಿನ ನನ್ನ ನಾಲಿಗೆ ಆ ಗುಳ್ಳೆಯನ್ನು ಸವರುತ್ತ ಸವರುತ್ತ ನನ್ನನ್ನು ಈರಮಾವನ ಹತ್ತಿರ ಕರೆದುಕೊಂಡು ಹೋಯಿತು.

ಈರಮಾವ ನನ್ನ ತಾಯಿಯ ತಮ್ಮ. ಆಸ್ಪರಿಯ ಕಡೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ. ಆಗ ಆ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನನ್ನ ತಂದೆ ಮಾತ್ರ ಹೇಗೋ ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿ, ನನ್ನನ್ನು ಮದರಾಸಿನವರೆಗೆ ಓದಲು ಕಳಿಸಿದ್ದರು. ರಜೆ ಬಂತೆಂದರೆ ನಾನು ಮಾವನ ಊರಿನಲ್ಲಿರುತ್ತಿದ್ದೆ. ಮಾವನಿಗಾಗಿ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನು ಕುರಿಗಳಿಗೆ ಹಾಕುತ್ತಿದ್ದ ಕರೆಗಾಗಿ.

ಸಂಜೆ ಊರ ಕೆರೆಯಂಗಳದಲ್ಲಿ ಮೂರು ನಾಲ್ಕು ಹಿಂಡು ಒಟ್ಟಿಗೆ ನೀರಿಗೆ ಇಳಿದು ಕಲೆತು ಹೋಗುತ್ತಿದ್ದವು. ಯಾರ ಕುರಿ ಯಾವುದೆಂದು ಯಾರೂ ಹುಡುಕುತ್ತಿರಲಿಲ್ಲ. ಕುರಿಯವರು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋಗಿ ನಿಂತು ತಮ್ಮ ತಮ್ಮ ಕರೆ ಹಾಕಿದರೆ ಸಾಕು, ಹಿಂಡುಗಳು ತಾವೇ ಬೇರೆಯಾಗುತ್ತಿದ್ದವು. ಮಾವ ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿದು, ಟೊಕ್ ಎಂದು ಬಿಟ್ಟು, ಅದರ ಬೆನ್ನಿಗೇ ಉಸಿರನ್ನು ನಡುಗಿಸುತ್ತಿದ್ದ. ಕೆರೆಯ ಆಚೆ ದಡದಲ್ಲಿ ಕಿವಿಗಳು ಏಳುತ್ತಿದ್ದವು. ಎಲ್ಲವೂ ಒಮ್ಮೆಗೇ ಏಳುತ್ತಿದ್ದವೇ, ಅಥವಾ ಅದು ನಾನು ಆಮೇಲೆ ಸೇರಿಸಿದ್ದೇ? ಬರೆದಿಡದ ನೋಟವನ್ನು ನಂಬಬಾರದೆಂದು ಮದರಾಸಿನ ಪ್ರಯೋಗಶಾಲೆಯಲ್ಲಿ ಕಲಿತಿದ್ದೆ. ಆದರೂ ಬರೆದಿಡಲಿಲ್ಲ.

ಯುದ್ಧದ ಕಾಲದ ಒಂದು ರಜೆಯಲ್ಲಿ ಹೋದಾಗ ಮಾವ ಬಾಗಿಲಲ್ಲೇ ಹಿಡಿದುಕೊಂಡ.

“ಅಳಿಯಾ, ಬಾಯಾಗ ಹೊಸಾ ಹಲ್ಲು ಬಂದೈತಿ, ನೋಡು ಬಾ.”

ಕುರಿಯ ವಯಸ್ಸನ್ನು ಹಲ್ಲಿನಿಂದ ತಿಳಿಯುವ ಮನುಷ್ಯ ಅವನು. ತನ್ನ ಬಾಯನ್ನೂ ಹಾಗೆಯೇ, ತುಟಿಯ ಮೂಲೆಗೆ ಹೆಬ್ಬೆರಳು ತೂರಿಸಿ ಅಗಲಿಸಿ ತೋರಿಸಿದ. ಅಂಗುಳಿನ ಒಂದು ಬದಿಗೆ ಶೇಂಗಾ ಬೀಜದಷ್ಟು ಗಂಟು. ನುಣ್ಣಗೆ, ಗಟ್ಟಿಯಾಗಿತ್ತು. ನೋವಿಲ್ಲ, ಕೀವಿಲ್ಲ. ದವಡೆಯ ಕೆಳಗೆ ಮಾತ್ರ ಕಪ್ಪಗೆ ಬರೆ ಎಳೆದ ಗುರುತು. ಕುರಿಗೆ ದವಡೆ ಊದಿದರೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಾರಲ್ಲ, ಅದನ್ನೇ ತನಗೂ ಹಾಕಿಕೊಂಡಿದ್ದ.

“ಕುರಿ ಬರೆ ನೀನ ಹಾಕ್ಕಂಡಿಯಲ್ಲೋ, ಇನ್ನ ಮ್ಯಾವೂ ತಿಂತಿಯೇನು?” ಎಂದು ಜೊತೆಗೆ ಬಂದಿದ್ದ ನನ್ನ ತಾಯಿ ಬೈದಳು.

“ತಿಂತೀನಿ ಬಿಡಕ್ಕ. ನೀ ಮಾಡೋ ಮುದ್ದೆಗಿಂತ ಅದೇ ಮೆತ್ತಗಿರತೈತಿ.”

ನಗು ಮುಗಿದ ಮೇಲೆ ಮಾವ ಮೆಲ್ಲಗೆ ಹೇಳಿದ: ಗಂಟು ಬಂದು ಮೂರು ವರ್ಷ ಆಗಿದೆ, ಬೆಳೆಯುತ್ತಿದೆ, ಕರೆ ಹಾಕುವಾಗ ನಾಲಿಗೆಯನ್ನು ಪಕ್ಕಕ್ಕೆ ಸರಿಸಬೇಕಾಗಿದೆ. ನಾನು ವಿಜ್ಞಾನದ ವಿದ್ಯಾರ್ಥಿ. ಸುಮ್ಮನಿರಲು ಸಾಧ್ಯವೇ? ಮಾರನೆಯ ವಾರವೇ ಅವನನ್ನು ರೈಲು ಹತ್ತಿಸಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಒಂದು ಮಿಷನ್ ಆಸ್ಪತ್ರೆಗೆ ಕರೆದೊಯ್ದೆ.

“ನೋರು ತೆರುವನ್ನಾ” ಎಂದು ನರ್ಸಮ್ಮ ತೆಲುಗಿನಲ್ಲಿ ಹೇಳಿದಾಗ ಮಾವ ಮತ್ತೆ ಹೆಬ್ಬೆರಳು ತೂರಿಸಿ ಬಾಯಿ ತೆರೆದ. ಆಕೆ ನಕ್ಕು ಅವನ ಕೈ ತೆಗೆದಳು. ಡಾಕ್ಟರು ಬಿಳಿಯ ಮುದುಕ, ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದು. ಅಂಗುಳಿನ ತೊಗಲಿನಡಿ ಸಾಸಿವೆ ಕಾಳಿನಂಥ ಜೊಲ್ಲಿನ ಗ್ರಂಥಿಗಳು ತುಂಬ ಇರುತ್ತವೆ, ಅವುಗಳಲ್ಲೊಂದು ಹೀಗೆ ಬೆಳೆದಿದೆ, ಬಿಟ್ಟರೆ ಮುಂದೆ ಕೆಟ್ಟ ರೋಗಕ್ಕೆ ತಿರುಗಬಹುದು ಎಂದರು. ಇದನ್ನು ಮಾವನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ.

“ಕರೆ ಉಳೀತೈತೇನು, ಕೇಳು.”

ಕೇಳಿದೆ. ಡಾಕ್ಟರು ಬಹಳ ಹೊತ್ತು ಮಾತಾಡಿದರು. ಗಂಟು ಎಲುಬಿಗೆ ಅಂಟಿದ್ದರೆ ಎಲುಬನ್ನೂ ತೆಗೆಯಬೇಕಾದೀತು, ಆಗ ಅಂಗುಳಿನಲ್ಲಿ ತೂತು ಉಳಿದೀತು, ಉಸಿರು ಮೂಗಿನಿಂದ ಸೋರೀತು, ಕರೆ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ನಾನು ಮಾವನ ಕಡೆ ತಿರುಗಿ, “ಏನೂ ಆಗಲ್ಲಂತ, ಮಾವ” ಎಂದೆ.

ಅಥವಾ ಡಾಕ್ಟರು ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲವೇನೋ. ಅವರ ಉಚ್ಚಾರ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಈ ಸಂಶಯವನ್ನು ನಾನು ಬಹಳ ವರ್ಷ ಜೋಪಾನ ಮಾಡಿದ್ದೇನೆ. ಅದು ನನಗೆ ಅನುಕೂಲವಾದ ಸಂಶಯ. ಆದರೆ ಹೊರಗೆ ಜಗಲಿಯ ಮೇಲೆ ಕೂತು ಮಾವ ಆಡಿದ ಮಾತಿನ ಬಗ್ಗೆ ಸಂಶಯವಿಲ್ಲ.

“ಅಳಿಯಾ, ಆ ದೊರೆ ಅಷ್ಟುದ್ದ ಮಾತಾಡಿದ, ನೀ ಎರಡು ಮಾತಿನಾಗ ಮುಗಿಸಿದಿ. ಇಂಗ್ಲೀಷು ಬಾಳ ಉದ್ದನ್ನ ಭಾಷೆ ಐತೇನು?”

ನಾನು ನಕ್ಕೆ. ಅವನೂ ನಕ್ಕ. ಮಾರನೆಯ ಬೆಳಿಗ್ಗೆ ಎದ್ದು ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿದ.

ಗಂಟು ಹೋಯಿತು. ಆ ಜಾಗದಲ್ಲಿ ತೂತು ಉಳಿಯಿತು. ನೀರು ಕುಡಿದರೆ ಮೂಗಿನಲ್ಲಿ ಬರುತ್ತಿತ್ತು. ಆಸ್ಪತ್ರೆಯವರು ಅದನ್ನು ಮುಚ್ಚಲು ಒಂದು ಗಟ್ಟಿ ರಬ್ಬರಿನ ಬಿಲ್ಲೆ ಮಾಡಿಕೊಟ್ಟರು. ಮಾವ ಅದನ್ನು ‘ನನ್ನ ಲಾಳ’ ಎಂದು ಕರೆದು ಗೋಡೆಯ ಗೂಡಿನಲ್ಲಿಟ್ಟ. ಬದಲಿಗೆ ಕುರಿಯುಣ್ಣೆಯನ್ನು ಜೇನುಮೇಣದಲ್ಲಿ ನಾದಿ ತಾನೇ ಒಂದು ಬಿರಡೆ ಮಾಡಿಕೊಂಡ. ಅದನ್ನಿಟ್ಟು ಮಾತಾಡುತ್ತಿದ್ದ, ಉಣ್ಣುತ್ತಿದ್ದ. ಕರೆ ಮಾತ್ರ ಬದಲಾಯಿತು. ಟೊಕ್ ಹೋಗಿ, ಗಾಳಿ ಬೆರೆತ, ಮೂಗಿನಿಂದ ಬರುವ ಒಂದು ಒರಟು ಸದ್ದು.

ಮುಂದಿನ ರಜೆಯಲ್ಲಿ ಕೆರೆಯಂಗಳಕ್ಕೆ ಅವನ ಜೊತೆ ಹೋದೆ. ಮಾವ ಕರೆ ಹಾಕಿದ. ಹಳೆಯ ಕುರಿಗಳು ತಲೆಯೆತ್ತಿ ನೋಡಿ ಮತ್ತೆ ನೀರಿಗೆ ಬಾಯಿ ಹಾಕಿದವು. ಇನ್ನೊಮ್ಮೆ ಹಾಕಿದ. ನಾನು ನೆಲ ನೋಡುತ್ತ ನಿಂತಿದ್ದೆ. ಆಗ ಹಿಂಡಿನ ನಡುವಿನಿಂದ ಮರಿಗಳು ಹೊರಬಂದವು, ಮಾವ ಆಸ್ಪತ್ರೆಯಿಂದ ಬಂದ ಮೇಲೆ ಹುಟ್ಟಿದ ಮರಿಗಳು. ಅವು ಬೇರೆ ಕರೆ ಕೇಳಿಯೇ ಇರಲಿಲ್ಲ. ಅವು ಬಂದವು, ಅವುಗಳ ಹಿಂದೆ ತಾಯಿಕುರಿಗಳು, ತಾಯಿಕುರಿಗಳ ಹಿಂದೆ ಉಳಿದವು.

“ನೋಡಿದ್ಯಾ? ಇವಕ್ಕ ನಾನು ಮೊದಲಿಂದ ಹಿಂಗ ಇದ್ದೋನು” ಎಂದ ಮಾವ. ಬೈಗುಳ ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದ, ಒಮ್ಮೆಯೂ ಬೈಯಲಿಲ್ಲ.

ಇಂದು ಬೆಳಿಗ್ಗೆ ನಾಲಿಗೆ ಹೋಗಿ ನೋಡಿದರೆ ಗುಳ್ಳೆ ಇರಲಿಲ್ಲ, ಅಂಗುಳು ನುಣ್ಣಗಿತ್ತು. ಯಾಕೋ ಮೊದಲ ಸಲ ಆ ಕರೆ ಹಾಕಿ ನೋಡಬೇಕೆನಿಸಿತು. ಹಳೆಯದನ್ನು, ನಾನು ರಜೆ ರಜೆಗೂ ಓಡಿಹೋಗುತ್ತಿದ್ದ ಆ ಕರೆಯನ್ನು. ನಾಲಿಗೆ ಒತ್ತಿದೆ, ಬಿಟ್ಟೆ. ಬರಲಿಲ್ಲ. ಮತ್ತೆ ಮತ್ತೆ ಹಾಕಿದೆ. ಕಿವಿಯಲ್ಲಿ ಹುಡುಕಿದಾಗ ತಿಳಿಯಿತು: ಅದು ನನ್ನಲ್ಲಿ ಉಳಿದಿಲ್ಲ. ಹೇಗೆ ಹಾಕುತ್ತಿದ್ದ ಎಂಬ ವಿವರಣೆ ಇದೆ, ಸದ್ದಿಲ್ಲ. ಇಷ್ಟು ವರ್ಷ ನಾನು ಹಂಬಲಿಸುತ್ತ ನೆನಪಿನಲ್ಲಿ ಕೇಳಿಸಿಕೊಂಡದ್ದೆಲ್ಲ ಮೂಗಿನಲ್ಲಿ ಗಾಳಿ ಸೋರುವ ಆ ಒರಟು ಕರೆಯನ್ನೇ.

ಕೊನೆಗೆ ಅದನ್ನೇ ಹಾಕಿದೆ, ಸಾಕಷ್ಟು ಜೋರಾಗಿ.

ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಯಾಕ್ರಿ, ಕರದ್ರ್ಯಾ?”

ಹೌದೆಂದೆ.