ಸೇತುವೆ ಬಂತು, ಜೊತೆಗೆ ಬಾ

ನಮ್ಮ ಸರ್ಕಾರಿ ಆಸ್ಪತ್ರೆಯ ಮುಂಬಾಗಿಲಲ್ಲಿ, ಚೀಟಿ ಕೊಡುವ ಕೌಂಟರಿನ ಎದುರು, ಒಂದು ದೊಡ್ಡ ಫೋಟೊ ತೂಗುಹಾಕಿದ್ದಾರೆ. ಕೆಳಗೆ ಬಂಗಾರದ ಅಕ್ಷರದಲ್ಲಿ 'ಎಲ್ಲ ಭಾಷೆಯವರಿಗೂ ಒಂದೇ ಆರೈಕೆ' ಎಂದಿದೆ. ಫೋಟೊದಲ್ಲಿ ನಿರ್ದೇಶಕರಿದ್ದಾರೆ, ಉಪನಿರ್ದೇಶಕಿ ಇದ್ದಾರೆ, ರಾಜಧಾನಿ ತೈಪೆಯಿಂದ ಬಂದ ಅಧಿಕಾರಿಗಳಿದ್ದಾರೆ, ಅವರೆಲ್ಲರ ನಡುವೆ ಗಾಜಿನ ಪ್ರಶಸ್ತಿ ಇದೆ. ಎಡತುದಿಯಲ್ಲಿ ಸ್ಟ್ರೆಚರಿನ ಕಂಬಿ ಹಿಡಿದ ಒಂದು ಕೈ ಕಾಣುತ್ತದೆ, ಮಣಿಕಟ್ಟಿನವರೆಗೆ ಮಾತ್ರ. ಮಿಕ್ಕಿದ್ದನ್ನು ಚೌಕಟ್ಟಿಗೆ ಹೊಂದಲಿಲ್ಲವೆಂದು ಕತ್ತರಿಸಿದ್ದಾರೆ.

ಆ ಕೈ ಬೋಂಗ್‌ಛಿ ಅಕ್ಕನದು.

ನಾನು ಆಟೆಕ್, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ನನಗೆ ಜಗಳಗಂಟನೆಂಬ ಹೆಸರಿದೆ. ಇರಲಿ. ಆದರೆ ಈ ಕತೆಯಲ್ಲಿ ನಾನು ಬಾಯಿ ಬಿಡಬೇಕಾದ ಒಂದೇ ಒಂದು ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಬೋಂಗ್‌ಛಿ ಎಂದರೆ ನಮ್ಮ ಮಾತಿನಲ್ಲಿ 'ಹೇಗೋ ಸಾಕಿದರಾಯ್ತು' ಎಂದರ್ಥ. ಹಿಂದೆ ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ಇಡುತ್ತಿದ್ದ ಹೆಸರು. ಹನ್ನೊಂದು ತಿಂಗಳಿಗೇ ಅವಳನ್ನು ಯಾರಿಗೋ ಸಾಕಲು ಕೊಟ್ಟರು. ಸಾಕಿದವರು ಸತ್ತರು, ಮನೆ ಅವರ ಗಂಡುಮಕ್ಕಳ ಪಾಲಾಯಿತು. ಅವಳು ಮದುವೆಯಾಗಲಿಲ್ಲ. ಸೋಯಾ ಹಾಲು ಮಾರುವ ತಿಂಡಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಇಪ್ಪತ್ತಾರು ವರ್ಷ ನಮ್ಮಲ್ಲಿ ರೋಗಿಗಳ ಮಂಚ ತಳ್ಳಿದಳು. ಕೆಲಸ ಆಸ್ಪತ್ರೆಯದು, ಹಾಜರಿ ಪುಸ್ತಕ ಮಾತ್ರ ಗುತ್ತಿಗೆದಾರನದು.

ನಮ್ಮ ಕಡೆ ಯಾರೂ ಆಸ್ಪತ್ರೆಯಲ್ಲಿ ಸಾಯಲು ಒಪ್ಪುವುದಿಲ್ಲ. ವೈದ್ಯರು ಕೈಚೆಲ್ಲಿದ ಮೇಲೆ, ಕೊನೆಯ ಉಸಿರನ್ನು ಉಳಿಸಿಕೊಂಡು ಮನೆ ಸೇರಬೇಕು. ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಹಲಗೆ ಹಾಸಿ ಮಲಗಿಸಿದ ಮೇಲೆಯೇ ಪ್ರಾಣ ಹೋಗಬೇಕು. ದೇವರಿಗೂ ಪೂರ್ವಿಕರ ಹೆಸರು ಬರೆದ ಫಲಕಗಳಿಗೂ ಸಾವು ಕಾಣಬಾರದೆಂದು ಮೊದಲೇ ಕೆಂಪು ಕಾಗದ ಮುಚ್ಚಿರುತ್ತಾರೆ. ಹೊರಗೆ ಉಸಿರು ನಿಂತವರಿಗೆ ಮನೆಯೊಳಗೆ ಪ್ರವೇಶವಿಲ್ಲ. ಎಷ್ಟೋ ಊರುಗಳಲ್ಲಿ ಊರೊಳಕ್ಕೂ ಬಿಡುವುದಿಲ್ಲ.

ಅದಕ್ಕೇ ನನ್ನ ಗಾಡಿ. ಹಿಂದೆ ನರ್ಸ್ ರಬ್ಬರ್ ಚೀಲ ಒತ್ತುತ್ತ ಗಾಳಿ ಕೊಡುತ್ತಿರುತ್ತಾಳೆ. ದಾರಿಯಲ್ಲಿ ಸೇತುವೆ ಬಂದಾಗಲೆಲ್ಲ ಯಾರಾದರೂ ಕೂಗಿ ಹೇಳಬೇಕು, ಇಲ್ಲದಿದ್ದರೆ ಜೀವ ನೀರು ದಾಟಲು ತಿಳಿಯದೆ ಈಚೆ ದಡದಲ್ಲೇ ನಿಂತುಬಿಡುತ್ತದೆ. ನಮ್ಮ ಪೂರ್ವ ಕರಾವಳಿಯಲ್ಲಿ ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ಹೊಳೆಗಳು ಒಂದೆರಡಲ್ಲ. ಮನೆಯವರು ಅಳುತ್ತ ಅಳುತ್ತ ಮರೆಯುತ್ತಾರೆ. ಬೋಂಗ್‌ಛಿ ಅಕ್ಕ ಮರೆಯುತ್ತಿರಲಿಲ್ಲ. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರಲೇ ಇಲ್ಲ, ತಾನಾಗಿ ಹತ್ತಿ ಕೂರುತ್ತಿದ್ದಳು.

"ಸೇತುವೆ ಬಂತು, ಜೊತೆಗೆ ಬಾ. ತಿರುವು ಬಂತು, ನನ್ನ ಕೈ ಬಿಡಬೇಡ. ಮನೆ ಬಂತು, ಹೊಸ್ತಿಲಿದೆ, ಕಾಲು ನೋಡ್ಕೋ."

ಮೂರೇ ಮಾತು. ಆದರೆ ಹೋಗುವವರು ಹಕ್ಕಾ ಜನರಾದರೆ ಹಕ್ಕಾದಲ್ಲಿ, ಆಮಿಸ್ ಜನರಾದರೆ ಆಮಿಸ್‌ನಲ್ಲಿ ಹೇಳುತ್ತಿದ್ದಳು. ವಾರ್ಡಿನಲ್ಲಿ ಮುದುಕರನ್ನು ನೋಡಿಕೊಳ್ಳಲು ಜಾವಾದಿಂದ ಬಂದ ಹುಡುಗಿಯರನ್ನು ಕಾಡಿಬೇಡಿ ಅವರ ಮಾತನ್ನೂ ಕಲಿತಿದ್ದಳು. ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವ ಉಚ್ಚಾರಣೆಯ ಗುರುತುಗಳಲ್ಲಿ ಎಲ್ಲವನ್ನೂ ಬರೆದಿಟ್ಟ ಒಂದು ಪುಟ್ಟ ಪುಸ್ತಕ ಅವಳ ಜೇಬಿನಲ್ಲಿ ಇದ್ದೇ ಇರುತ್ತಿತ್ತು.

"ಸಾಯೋ ಹೊತ್ತಲ್ಲಿ ಯಾವ ಭಾಷೆಯಾದ್ರೇನಕ್ಕ, ಕೇಳಿಸುತ್ತಾ ಅವರಿಗೆ?" ಎಂದು ಒಮ್ಮೆ ಕೆಣಕಿದೆ.

"ನಿನಗೆ ಅಮ್ಮ ಬೈದಿದ್ದು ಯಾವ ಭಾಷೆಲಿ?"

"ನಮ್ಮದರಲ್ಲೇ."

"ಅದೇ ಕಣೋ ಕೊನೇವರೆಗೂ ಕೇಳಿಸೋದು. ಗಾಡಿ ನೋಡ್ಕೊಂಡು ಓಡ್ಸು."

ಒಂದು ಸಲ ಸಮುದ್ರದಂಚಿನ ಊರಿಗೆ ಒಬ್ಬ ಮೀನುಗಾರನನ್ನು ಕರೆದೊಯ್ಯುತ್ತಿದ್ದೆವು. ಎರಡನೆಯ ಸೇತುವೆಯಲ್ಲೇ ಅವನು ಹೋಗಿಬಿಟ್ಟ. ನನಗೆ ಕನ್ನಡಿಯಲ್ಲಿ ಕಂಡಿತು, ಅಂದು ನರ್ಸಾಗಿ ಬಂದಿದ್ದ ಪನಾಯ್‌ಗೂ ತಿಳಿಯಿತು. ಆಮಿಸ್ ಹುಡುಗಿ ಅವಳು, ಆಗಿನ್ನೂ ಹೊಸಬಳು, ಅವಳ ಕೈ ನಿಂತಿತು. ಬೋಂಗ್‌ಛಿ ಅಕ್ಕ ಚೀಲವನ್ನು ತಾನೇ ಕಿತ್ತುಕೊಂಡು ಒತ್ತತೊಡಗಿದಳು. ಬಾಗಿಲಲ್ಲಿ ಅವನ ದೊಡ್ಡಪ್ಪ ಅಡ್ಡ ನಿಂತು, "ಉಸಿರಿದೆಯಾ?" ಎಂದ. "ಇದೆ, ಇದೆ, ಜಾಗ ಬಿಡಿ" ಎನ್ನುತ್ತ ಅವಳು ಸ್ಟ್ರೆಚರನ್ನು ಅವನ ಕಾಲಮೇಲೇ ತಳ್ಳಿದಳು.

ವಾಪಸು ಬರುವಾಗ ಕೇಳಿದೆ, "ಅಷ್ಟು ಹಸಿ ಸುಳ್ಳಾ ಅಕ್ಕ?"

"ಅವರು ಕೇಳೋದು ಉಸಿರಿನ ಲೆಕ್ಕಾನಾ? ಒಳಗೆ ಬಿಡೋಕೆ ಒಂದು ನೆಪ ಕೇಳ್ತಾರೆ. ಕೊಟ್ಬಿಡಬೇಕು. ಯಾರೂ ಮೂಗಿಗೆ ಕೈ ಹಿಡಿದು ನೋಡಲ್ಲ."

ಮನೆಯೇ ಇಲ್ಲದವರ ಗತಿ? ಅವರಿಗೂ ಅವಳೇ. ಛೂ ಅಜ್ಜ ಎಂಬ ಹಳೆಯ ಸೈನಿಕ ಹತ್ತೊಂಬತ್ತನೇ ವಯಸ್ಸಿಗೆ ಸಮುದ್ರದಾಚೆಯ ಶಾಂತುಂಗ್ ಬಿಟ್ಟು ದೋಣಿ ಹತ್ತಿದವನು. ಇಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ. ಅವಳು ಬಿಡುವಾದಾಗಲೆಲ್ಲ ಅವನ ಮಂಚದ ಬಳಿ ಕೂತು, ಅವನೂರಿನ ದಾರಿಯನ್ನು ಕೇಳಿ ಬರೆದುಕೊಂಡಳು. ಅವನು ಸತ್ತ ದಿನ ವಾರ್ಡಿನಿಂದ ಶವಾಗಾರದವರೆಗೆ ನಾವಿಬ್ಬರೂ ಮಂಚ ತಳ್ಳಿದೆವು. ಎರಡು ಕಟ್ಟಡಗಳ ನಡುವಿನ ನಡಿಗೆದಾರಿಯ ಕೆಳಗೆ ಒಂದು ಮೋರಿ ಹರಿಯುತ್ತದೆ. ಅಲ್ಲಿ ಬಂದಾಗ ಅವನ ಕಿವಿಯ ಹತ್ತಿರ ಬಗ್ಗಿ, "ಕಲ್ಲಿನ ಸೇತುವೆ ಬಂತಜ್ಜ, ಆಚೆಗೆ ನಿಮ್ಮ ಎಲಚಿ ಮರ ಇದೆ, ಜೊತೆಗೆ ಬಾ" ಎಂದಳು.

"ಶಾಂತುಂಗ್ ಇಷ್ಟು ಹತ್ರ ಬಂತಾ?" ಎಂದೆ.

"ಬಾಯ್ಮುಚ್ಕೊಂಡು ತಳ್ಳು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೂ ನಗು ಬರಲಿಲ್ಲ.

ಉಪನಿರ್ದೇಶಕಿ ವೆಯ್ ಡಾಕ್ಟರ್ ಬಂದದ್ದು ಆಮೇಲೆ. ಅವರನ್ನು ಬೈಯಬೇಕೆಂದು ನನಗೆ ಬಹಳ ಆಸೆ, ಆದರೆ ಕೆಟ್ಟವರಲ್ಲ. ಮನೆಯವರು ಬರೆದ ಕೃತಜ್ಞತೆಯ ಪತ್ರಗಳಲ್ಲೆಲ್ಲ 'ಸೇತುವೆ ಕೂಗುವ ಅಕ್ಕ' ಎಂದಿರುವುದನ್ನು ಮೊದಲು ಗಮನಿಸಿದವರೇ ಅವರು. ಅವಳ ದನಿಯನ್ನು ಆರು ಭಾಷೆಗಳಲ್ಲಿ ಧ್ವನಿಮುದ್ರಿಸಿ, ಎಲ್ಲ ಆಂಬುಲೆನ್ಸ್‌ಗಳಿಗೂ ಗುಂಡಿ ಒತ್ತಿದರೆ ಕೂಗುವ ಪೆಟ್ಟಿಗೆಯೊಂದನ್ನು ಹಾಕಿಸಿದರು. ಬಟ್ಟೆ ಇಡುವ ಕೋಣೆಯಲ್ಲಿ ಹೊದಿಕೆಗಳ ನಡುವೆ ಕೂತು ಬೋಂಗ್‌ಛಿ ಅಕ್ಕ ಮೂರು ಮಧ್ಯಾಹ್ನ ಮಾತಾಡಿದಳು. ಆ ಕೆಲಸಕ್ಕೆ ರಾಷ್ಟ್ರ ಮಟ್ಟದ ಪ್ರಶಸ್ತಿ ಬಂತು.

ಸಮಾರಂಭದ ದಿನ ಅವಳು ನೇರಳೆ ಬಣ್ಣದ ಜಾಕೀಟು ತೊಟ್ಟು, ಕೂದಲು ಸುರುಳಿ ಮಾಡಿಸಿಕೊಂಡು ಬಂದಿದ್ದಳು. ವೇದಿಕೆಯಲ್ಲಿ ಹದಿನಾಲ್ಕು ಜನರ ಹೆಸರು ಓದಿದರು. ಪೆಟ್ಟಿಗೆಗೆ ತಂತಿ ಜೋಡಿಸಿದವನ ಹೆಸರೂ ಇತ್ತು. ಗುತ್ತಿಗೆಯವರು ಸಿಬ್ಬಂದಿಯಲ್ಲವಂತೆ, ನಿಯಮದಲ್ಲಿ ಅವಕಾಶ ಇಲ್ಲವಂತೆ. ಅವಳು ಹದಿನಾಲ್ಕು ಸಲವೂ ಚಪ್ಪಾಳೆ ತಟ್ಟಿದಳು. ಫೋಟೊಗೆಂದು ಸ್ಟ್ರೆಚರ್ ಹಿಡಿದು ನಿಲ್ಲಲು ಮಾತ್ರ ಅವಳನ್ನು ಕರೆದರು.

ನಾನು ಹೊರಗೆ ಬಂದು ಕೂಗಾಡಿದೆ. ಅವಳು ನನ್ನ ತೋಳು ಹಿಡಿದು ಎಳೆದಳು. "ಸುಮ್ನಿರೋ. ನನ್ನ ಹೆಸರು ಮೈಕಿನಲ್ಲಿ ಓದಿದ್ರೆ ಅರ್ಥ ಗೊತ್ತಿರೋರು ನಗ್ತಿದ್ರು" ಎಂದಳು. ನಕ್ಕಳು ಕೂಡ. ಆದರೆ ಜಾಕೀಟಿನ ಗುಂಡಿಯನ್ನು ಹಾಕುವುದು ತೆಗೆಯುವುದು ಮಾಡುತ್ತಲೇ ಇದ್ದಳು.

ಪೆಟ್ಟಿಗೆ ಬಂದ ಮೇಲೆ ಗಾಡಿಯಲ್ಲಿ ಅವಳ ಅಗತ್ಯ ಬೀಳಲಿಲ್ಲ. ಅವಳನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನಾನು ಗುಂಡಿ ಒತ್ತುತ್ತಿದ್ದೆ, ಅವಳ ದನಿ ಕೂಗುತ್ತಿತ್ತು, ಅವಳು ಮಾತ್ರ ನೆಲಮಾಳಿಗೆಯಲ್ಲಿ ಚಾದರ ಮಡಚುತ್ತಿದ್ದಳು.

ಒಂದೂವರೆ ವರ್ಷದ ನಂತರ ಅವಳ ಯಕೃತ್ತಿನಲ್ಲಿ ಗಡ್ಡೆ ಕಂಡಿತು. ತಡವಾಗಿತ್ತು. ಐದನೇ ಮಹಡಿಯಲ್ಲಿ, ತಾನೇ ಸಾವಿರ ಸಲ ತಳ್ಳಿದ್ದ ಮಂಚದಲ್ಲಿ ಮಲಗಿದಳು. ಕೊನೆಯ ವಾರ ವೈದ್ಯರು, ಕರೆದೊಯ್ಯುವುದಾದರೆ ಈಗಲೇ ಎಂದರು.

ಎಲ್ಲಿಗೆ? ಬಾಡಿಗೆ ಕೋಣೆಯ ಯಜಮಾನಿ ಹಣ್ಣಿನ ಬುಟ್ಟಿ ಹಿಡಿದು ಬಂದಳು, ಅತ್ತಳು, ಬಾಗಿಲಾಚೆ ನನ್ನನ್ನು ಕರೆದು, "ಅಲ್ಲಿ ಸತ್ತರೆ ನಾಳೆ ಯಾರಪ್ಪ ಬಾಡಿಗೆಗೆ ಬರ್ತಾರೆ?" ಎಂದಳು. ಸಾಕಿದ ಮನೆಯ ತಮ್ಮ ಫೋನ್ ಎತ್ತಲಿಲ್ಲ.

ಅವಳು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿದೆ. "ಅಕ್ಕ, ಮನೆ ಎಲ್ಲಿ?"

"ನಿಮ್ಮನೇಗೆ ಎಷ್ಟು ಸೇತುವೆ?"

"ನಾಲ್ಕು."

"ನಾಲ್ಕಾ... ಚೆನ್ನಾಗಿದೆ ದಾರಿ" ಎಂದು ಕಣ್ಣು ಮುಚ್ಚಿದಳು. ಬೇರೇನೂ ಕೇಳಲಿಲ್ಲ. ಕೇಳುವ ಹೆಂಗಸಲ್ಲ ಅವಳು.

ಅಂದು ಸಂಜೆ ಊಟದ ಹೊತ್ತಿಗೆ ನನ್ನ ಅಮ್ಮನ ಬಳಿ ವಿಷಯ ಎತ್ತಿದೆ. ಅಮ್ಮನಿಗೆ ಎಂಬತ್ತೊಂದು. ಅನ್ಯರ ಸಾವನ್ನು ನಡುಮನೆಗೆ ತರುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ, ಮನೆತನಕ್ಕೇ ಕೇಡು ಎನ್ನುತ್ತಾರೆ.

"ತಲೆ ಕೆಟ್ಟಿದೆಯೇನೋ? ನಿಮ್ಮಪ್ಪ ಅಲ್ಲಿ ಕೂತಿದ್ದಾರೆ" ಎಂದು ಅಮ್ಮ ಫಲಕದ ಕಡೆ ಕೈ ತೋರಿಸಿದಳು. "ರಕ್ತ ಸಂಬಂಧವಿಲ್ಲ, ಮನೆತನ ಗೊತ್ತಿಲ್ಲ. ನಾನವರಿಗೆ ಏನು ಹೇಳ್ಲಿ?"

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಅಮ್ಮ ಒಂಟಿಯಾಗಿ ಮೇಜಿನ ಮುಂದೆ ಕೂತೇ ಇದ್ದಳು. ಇನ್ನೊಂದು ಮಾತು ಆಡಲಿಲ್ಲ. ಇನ್ನೊಂದು ಮಾತು ನಾನೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಪನಾಯ್ ಫೋನ್ ಮಾಡಿದಳು. ಈಗ ಅವಳೇ ಆ ವಾರ್ಡಿನ ಹಿರಿಯ ನರ್ಸ್. ನಾನು ಐದು ಮಹಡಿ ಹತ್ತಿ ಓಡಿದೆ. ಪರದೆ ಎಳೆದಿತ್ತು. ಬೋಂಗ್‌ಛಿ ಅಕ್ಕನ ಬಾಯಿ ಸ್ವಲ್ಪ ತೆರೆದಿತ್ತು. ಪನಾಯ್ ರಬ್ಬರ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಒತ್ತುತ್ತಿರಲಿಲ್ಲ.

"ಈಗ ತಾನೇ ನಿಂತಿದ್ದು ಆಟೆಕ್ ಅಣ್ಣ. ಡಾಕ್ಟರಿಗೆ ಇನ್ನೂ ಹೇಳಿಲ್ಲ" ಎಂದಳು. "ಗಾಡಿ ಕೆಳಗಿದೆಯಲ್ವಾ? ನಾನು ಒತ್ತುತ್ತಾ ಬರ್ತೀನಿ. ನೀವು ಇದೆ ಅಂದ್ರೆ ಸಾಕು. ಎಲ್ಲಿಗೆ ಅಂತ ಹೇಳಿ."

ಊರಿಗೆಲ್ಲ ಬೈಯುವ ಬಾಯಿ ನನ್ನದು. ನಿರ್ದೇಶಕರ ಮುಖಕ್ಕೇ ಬೈದಿದ್ದೇನೆ. ಅವತ್ತು ಅಮ್ಮನ ಮುಖ ಕಣ್ಣಮುಂದೆ ಬಂತು, ಅಪ್ಪನ ಫಲಕ ಬಂತು, ನೆರೆಯವರು ಬಂದರು. ಪನಾಯ್ ಕಾದಳು. ಎಷ್ಟು ಹೊತ್ತು ಕಾದಳೋ. ಆಮೇಲೆ ಚೀಲವನ್ನು ಮಂಚದ ಮೇಲಿಟ್ಟು, ಗಡಿಯಾರ ನೋಡಿ, ಹೊತ್ತು ಬರೆದುಕೊಂಡಳು.

ನಾವಿಬ್ಬರೂ ಮಂಚ ತಳ್ಳಿದೆವು. ಮೋರಿಯ ಹತ್ತಿರ ಬಂದಾಗ ನಾನು ಕೂಗಬೇಕಿತ್ತು. ಯಾವ ದಾರಿಯ ಸೇತುವೆ ಎಂದು ಕೂಗಲಿ? ಗಾಡಿಯಿಂದ ಬಿಚ್ಚಿ ತಂದಿದ್ದ ಪೆಟ್ಟಿಗೆಯ ಗುಂಡಿ ಒತ್ತಿದೆ. "ಸೇತುವೆ ಬಂತು, ಜೊತೆಗೆ ಬಾ" ಎಂದು ಅವಳೇ ಅವಳನ್ನು ಕರೆದಳು. ಶವಾಗಾರದ ಬಾಗಿಲಲ್ಲಿ, "ಮನೆ ಬಂತು, ಹೊಸ್ತಿಲಿದೆ, ಕಾಲು ನೋಡ್ಕೋ" ಎಂದಳು. ಪನಾಯ್ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದೆ. ಮುಂಬಾಗಿಲ ಎರಡೂ ಕದ ತೆರೆದಿದ್ದವು. ನಡುಮನೆಯ ಮೇಜು ಕುರ್ಚಿಗಳು ಅಂಗಳದಲ್ಲಿದ್ದವು. ಒಳಗೆ ಎರಡು ಬೆಂಚಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಅಮ್ಮನ ಮದುವೆಯ ಹೊದಿಕೆ ಹರಡಿತ್ತು. ದೇವರಿಗೂ ಅಪ್ಪನ ಫಲಕಕ್ಕೂ ಕೆಂಪು ಕಾಗದ ಮುಚ್ಚಿತ್ತು. ಇಷ್ಟನ್ನೂ ಎಂಬತ್ತೊಂದರ ಮುದುಕಿ ಒಬ್ಬಳೇ ಎಳೆದಾಡಿ ಮಾಡಿದ್ದಳು.

ಅಮ್ಮ ಹೊಸ್ತಿಲಲ್ಲಿ ನಿಂತು ನನ್ನ ಹಿಂದೆ ರಸ್ತೆಯ ಕಡೆ ನೋಡಿದಳು. "ಗಾಡಿ ಎಲ್ಲಿ? ಉಸಿರಿದೆಯಾ?"

"ಇಲ್ಲಮ್ಮ. ಅಲ್ಲೇ ಹೋದ್ಲು. ನೀನು ಬೇಡ ಅಂದಿದ್ದೆಯಲ್ಲ..."

"ಅಂದೆ. ನಿಮ್ಮಪ್ಪನ ಎದುರಿಗೆ ಮತ್ತೇನು ಅನ್ಲಿ?" ಅಮ್ಮ ಒಳಗಿನ ಹಲಗೆಯ ಕಡೆ ತಿರುಗಿದಳು. "ಇದೆ ಅಂತ ಹೇಳಿ ಕರ್ಕೊಂಡು ಬಂದಿದ್ರೆ, ನಾನೇನು ಮೂಗಿಗೆ ಕೈ ಹಿಡಿದು ನೋಡ್ತಿದ್ನಾ?"