ಗಂಗಾಧರಯ್ಯನವರು ಕಾದು ಕೂತ ಸಂಜೆ

ಹೆಡ್ ಕಾನ್‌ಸ್ಟೇಬಲ್ ಗಂಗಾಧರಯ್ಯನವರ ದನಿ ಎಂಥದೆಂದರೆ, ಅವರು ಹತ್ತನೇ ತರಗತಿಯಲ್ಲಿ ಮಾತಾಡಿದರೆ ಪಕ್ಕದ ಎಂಟನೇ ತರಗತಿಯ ಪಾಠ ತಾನಾಗಿ ನಿಂತುಹೋಗುತ್ತಿತ್ತು. ತೂಬಗೆರೆ ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ವರ್ಷಕ್ಕೊಮ್ಮೆ ಬಂದು ಮಾದಕ ವಸ್ತುಗಳ ವಿರುದ್ಧ ಭಾಷಣ ಮಾಡುವುದು ಅವರಿಗೆ ಒಪ್ಪಿಸಿದ್ದ ಕೆಲಸ. ನಾನು ಅಲ್ಲಿ ವಿಜ್ಞಾನದ ಟೀಚರ್. ಕುರ್ಚಿ ಕೊಟ್ಟರೂ ಅವರು ಕೂರುತ್ತಿರಲಿಲ್ಲ. "ಕೂತ್ರೆ ಗಂಟ್ಲು ಏಳಲ್ಲ ಮೇಡಂ" ಎನ್ನುತ್ತಿದ್ದರು. ಬೋರ್ಡಿನ ಮೇಲೆ ‘ಒಂದು ಸಲ, ಚಟ, ಸಾವು’ ಎಂದು ದಪ್ಪಕ್ಷರದಲ್ಲಿ ಬರೆದು ನಡುನಡುವೆ ಬಾಣದ ಗುರುತು ಎಳೆಯುತ್ತಿದ್ದರು. "ಒಂದ್ಸಲ ಮುಟ್ದೋನು ಮುಗ್ದ. ವಾಪಸ್ ಬರೋ ದಾರೀನೇ ಇಲ್ಲ." ಊಟದ ಹೊತ್ತಿಗೆ ಮಾತ್ರ ಬೇರೆಯೇ ಮನುಷ್ಯ, ಮಕ್ಕಳ ಹಿಂದೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಸಾಂಬಾರಿಗೆ ಉಪ್ಪು ಸಾಲದೆಂದು ಅಡುಗೆಯವರನ್ನು ರೇಗಿಸುತ್ತಿದ್ದರು.

ಅವರ ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ, ಬೋರ್ಡಿನ ಮೇಲೆ ಬರೆದು ಅವರು ತಿರುಗುವಷ್ಟರಲ್ಲಿ ಭವ್ಯ ಎದ್ದು ನಿಂತಳು. ಎಂದೂ ಬಾಯಿ ತೆರೆಯದ ಹುಡುಗಿ.

"ಸರ್, ನಮ್ಮಣ್ಣ ಗಾಂಜಾ ಸೇದ್ತಿದ್ದ. ಬಿಟ್ಟು ಒಂದು ವರ್ಷ ಚೆನ್ನಾಗಿದ್ದ, ಏರ್‌ಪೋರ್ಟಲ್ಲಿ ಕ್ಯಾಬ್ ಓಡಿಸ್ತಿದ್ದ. ಈಗ ಅದ್ಯಾವುದೋ ಮಾತ್ರೆ ಶುರು ಮಾಡವ್ನೆ. ಆಸ್ಪತ್ರೆಗೆ ಹೋಗಣ ಅಂದ್ರೆ ಪೊಲೀಸ್ನೋರು ಹಿಡೀತಾರೆ ಅಂತಾನೆ. ಹಿಡೀತೀರಾ ಸರ್?"

ಅಣ್ಣನನ್ನು ಅವಳೇ ಪೊಲೀಸರ ಕೈಗೆ ಕೊಟ್ಟುಬಿಟ್ಟಳಲ್ಲ ಎಂದು ನನಗೆ ಹೆದರಿಕೆಯಾಯಿತು. ಗಂಗಾಧರಯ್ಯ ಸೀಮೆಸುಣ್ಣ ಕೆಳಗಿಟ್ಟು, "ಕೂತ್ಕೊ ಮಗ" ಎಂದು ಭಾಷಣವನ್ನು ಅಲ್ಲಿಗೇ ನಿಲ್ಲಿಸಿದರು.

ಶಾಲೆ ಬಿಟ್ಟ ಮೇಲೆ ಅವಳ ಮನೆ ಎಲ್ಲಿ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

"ಸುಳ್ಳು ಹೇಳೋರ್ನ ದಿನಾ ನೋಡ್ತೀನಿ ಮೇಡಂ. ನಂಬಿಕೆ ಇಲ್ದಿದ್ರೆ ನೀವೂ ಬನ್ನಿ."

ಅವರ ಬೈಕಿನ ಜೊತೆಗೆ ನನ್ನ ಸ್ಕೂಟರಿನಲ್ಲಿ ಹೋದೆ. ಖಾಕಿ ಕಂಡದ್ದೇ ತಡ, ಭವ್ಯಳ ಅಣ್ಣ ನವೀನ ಹಿತ್ತಲ ಗೋಡೆ ಹಾರಿ ದ್ರಾಕ್ಷಿ ತೋಟದೊಳಕ್ಕೆ ಓಡಿದ. ಅವನ ತಾಯಿ ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತರು. "ನನ್ ಮಗ ಕಳ್ಳ ಅಲ್ಲ ಸ್ವಾಮಿ."

"ನಾನೂ ಹಿಡ್ಕೊಂಡೋಗಕ್ಕೆ ಬಂದಿಲ್ಲ ಕಣವ್ವ" ಎಂದು ಗಂಗಾಧರಯ್ಯ ಜಗಲಿಯ ಮೇಲೆ ಕೂತರು. ಅವನ ಬೆನ್ನು ಹತ್ತಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಆ ತಾಯಿ ಬಾಗಿಲು ಬಿಡಲಿಲ್ಲ. ಭವ್ಯ ಒಳಗಿಂದ ಆಚೆ ಬರಲಿಲ್ಲ. ಹೊತ್ತು ಇಳಿಯುವವರೆಗೂ ಹಾಗೇ ಇದ್ದೆವು. ಕೊನೆಗೆ ನವೀನ ಬಂದು ಅಂಗಳದ ತುದಿಯಲ್ಲೇ ನಿಂತ, ಮತ್ತೆ ಓಡಲು ತಯಾರಾದವನಂತೆ.

"ಚಟ ಬಿಡ್ಬೇಕು ಅಂತ ತಾನಾಗೇ ಚಿಕಿತ್ಸೆಗೆ ಬಂದೋನ್ನ ಜೈಲಿಗೆ ಹಾಕ್ಬಾರ್ದು ಅಂತ ಕಾನೂನಲ್ಲೇ ಐತೆ ಕಣಪ್ಪ. ಮಾರೋರಿಗಲ್ಲ, ನಿನ್ನಂಥೋರಿಗೆ" ಎಂದರು ಗಂಗಾಧರಯ್ಯ, ಆ ದೊಡ್ಡ ದನಿಯನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ. "ಇಷ್ಟು ವರ್ಷ ಸ್ಕೂಲ್ ಸ್ಕೂಲ್ ತಿರುಗಿ ಹೆದರಿಸ್ದೆ. ಇದೊಂದು ಮಾತು ಹೇಳ್ಲಿಲ್ಲ. ಮಾತ್ರೆ ನೀನೇ ಒಂದೇ ಸಲಕ್ಕೆ ನಿಲ್ಲಿಸ್ಬೇಡ, ಫಿಟ್ಸ್ ಬಂದಾತು. ನಾಳೆ ಡಾಕ್ಟರತ್ರ ಹೋಗಣ. ಯೂನಿಫಾರಂ ಹಾಕ್ಕೊಂಡ್ ಬರಲ್ಲ."

ಚಿಕಿತ್ಸೆ ಶುರುವಾದರೂ ನವೀನ ಒಮ್ಮೆಗೇ ಸರಿಹೋಗಲಿಲ್ಲ. ಎರಡು ಸಲ ಮತ್ತೆ ಶುರುಮಾಡಿದ. ಎರಡು ಸಲವೂ ಗಂಗಾಧರಯ್ಯ ಅದೇ ಜಗಲಿಗೆ ಹೋಗಿ ಕೂತರು. ಸ್ಟೇಷನ್ನಿನಲ್ಲಿ ನಕ್ಕವರನ್ನು, "ಸಕ್ಕರೆ ಕಾಯಿಲೆಯೋನು ಹಬ್ಬದಲ್ಲಿ ಒಬ್ಬಟ್ಟು ತಿಂದ್ರೆ ಆಸ್ಪತ್ರೆಯಿಂದ ಆಚೆ ಹಾಕ್ತೀವೇನ್ರಪ್ಪ?" ಎಂದು ಕೇಳಿದರಂತೆ. ಈಗ ನವೀನ ಮತ್ತೆ ಕ್ಯಾಬ್ ಓಡಿಸುತ್ತಾನೆ, ತಿಂಗಳಿಗೊಮ್ಮೆ ಡಾಕ್ಟರ ಬಳಿಗೂ ಹೋಗುತ್ತಾನೆ.

ನಿವೃತ್ತರಾದ ಮೇಲೆ ಅವರನ್ನು ಒಂದೇ ಸಲ ಕಂಡೆ, ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ. ಪಕ್ಕದ ತಾಲ್ಲೂಕಿನ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದರು.

"ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬ ಹುಡುಗನ್ನ ಒಂದು ಚಿಟಿಕೆ ಗಾಂಜಾಗೆ ಒಳಗೆ ಹಾಕಿದ್ದೆ ಮೇಡಂ. ಆಚೆ ಬಂದ್ಮೇಲೆ ಅವನಿಗೆ ಯಾರೂ ಕೆಲ್ಸ ಕೊಡ್ಲಿಲ್ಲ, ಹೆಣ್ಣೂ ಕೊಡ್ಲಿಲ್ಲ. ಈಗ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯೋ ಕಡೆ ಕೆಲ್ಸ ಮಾಡ್ತವ್ನಂತೆ."

"ಹೋಗಿ ಏನು ಹೇಳ್ತೀರಿ?"

"ಗೊತ್ತಿಲ್ಲ. ಬೈದ್ರೆ ಬೈಸ್ಕೊಂಡು ಬರ್ತೀನಿ."

ಬಸ್ಸು ಬಂತು, ಹತ್ತಿದರು. ಎರಡೇ ವಾರಕ್ಕೆ, ಎದೆನೋವು ಬಂದು ತೀರಿಕೊಂಡರೆಂಬ ಸುದ್ದಿ ಬಂತು. ಅವತ್ತು ಆ ಮನುಷ್ಯ ಸಿಕ್ಕಿದನೋ ಇಲ್ಲವೋ, ಸಿಕ್ಕಿದ್ದರೆ ಮಾತಾಡಿಸಿದನೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.